ಅವ್ವ ತೊಳೆದ ಕರುಳು

ಇದು ಎಂದಿಗೂ ಆಗದ ಕೆಲಸ ಎಂದವರು ಹಾವೇರಿಯ ನಮ್ಮ ಕಾಲೇಜಿನ ಪ್ರಯೋಗಾಲಯದ ಸರ್. ನಾನಾಗ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಆಡಿನ ಕರುಳಿನ ಒಂದು ಪ್ರೋಟೀನು ಜೀವಕೋಶದ ಪೊರೆಗೆ ಹೇಗೆ ಅಂಟಿಕೊಂಡಿರುತ್ತದೆ ಎಂಬುದು ನನ್ನ ಪ್ರಾಜೆಕ್ಟು.

"ನಿಮ್ಮ ಮಂದಿ ಕರಳ ತಿನ್ನಾಕ ಶಾಣ್ಯಾರು. ಅದರ ಮ್ಯಾಲೆ ಪ್ರಯೋಗ ಮಾಡೂದು ನಿನ್ನ ಕೈಲೆ ಎಂದೂ ಆಗೂದಿಲ್ಲ ತಂಗೀ," ಎಂದರು, ಮೂಗಿಗೆ ಕರ್ಚೀಫು ಹಿಡಿದು. ನನ್ನ ಕೈಯಲ್ಲಿದ್ದದ್ದು ಬರೀ ಅರ್ಜಿಯ ಹಾಳೆ. ಆ ಕರ್ಚೀಫು ನೆನಪಾದರೆ ಇವತ್ತಿಗೂ ಹೇಸಿಗೆಯಾಗುತ್ತದೆ.

ಆ ಪ್ರೋಟೀನು ಪೊರೆಯ ಹೊರಗೇ ನಿಂತಿರುತ್ತದೆ. ಬುಡದಲ್ಲಿರುವ ಕೊಬ್ಬಿನ ಬಾಲವನ್ನಷ್ಟೇ ಪೊರೆಯ ಕೊಬ್ಬಿನಲ್ಲಿ ಹೂತಿರುತ್ತದೆ. ಪುಸ್ತಕದವರು ಅದಕ್ಕೆ ಲಂಗರು ಅಂತಾರೆ. ಬರೀ ನೀರಿಗೆ ಅದು ಜಗ್ಗುವುದಿಲ್ಲ. ಲಂಗರನ್ನು ಕತ್ತರಿಸುವ ಕಿಣ್ವ ಹಾಕಿದರೆ ಕಳಚಿ ನೀರಿಗೆ ಬರುತ್ತದೆ. ಆ ಪ್ರೋಟೀನನ್ನು ಗುರುತಿಸುವ ಮದ್ದನ್ನು ನೀರಿಗೆ ಬೆರೆಸಿದಾಗ ಹಳದಿಯಾಗಬೇಕು. ಆಗದಿದ್ದರೆ ನನಗೆ ಡಿಗ್ರಿ ಇಲ್ಲ.

ರಾಣೇಬೆನ್ನೂರಿನಲ್ಲಿ ಮಾಂಸದಂಗಡಿ ಇಟ್ಟಿರುವ ಸೋದರಮಾವ ಕರುಳು ಕೊಟ್ಟ. ಬ್ಯಾಡಗಿಯ ಮನೆಯಲ್ಲಿ ಅದನ್ನಿಟ್ಟು ಐಸ್ ತರಲು ಪೇಟೆಗೆ ಹೋದೆ. ಮರಳಿ ಬರುವಷ್ಟರಲ್ಲಿ ಅವ್ವ ಅದನ್ನು ಕಡ್ಡಿಗೆ ಸಿಕ್ಕಿಸಿ ಒಳಮಗ್ಗಲು ಹೊರಗೆ ಮಾಡಿ, ಬಿಸಿನೀರು ಸುಣ್ಣ ಹಾಕಿ ಉಜ್ಜಿ, ಲೋಳೆಯನ್ನೆಲ್ಲ ಕೆರೆದು ಗಟಾರಕ್ಕೆ ಚೆಲ್ಲಿದ್ದಳು.

"ಹೆಂಗ ಬೆಳ್ಳಗಾಗೇತಿ ನೋಡ. ಆ ಹೊಲಸ ಹಂಗ ಒಯ್ದಿದ್ರ ನಿಮ್ಮ ಸರ್ ಏನಂತಿದ್ರು?"

ನನಗೆ ಬೇಕಾದ ಪ್ರೋಟೀನೆಲ್ಲ ಇದ್ದದ್ದು ಆ ಲೋಳೆಯಲ್ಲೇ. ಮೆಣಸಿನಕಾಯಿ ತೊಟ್ಟು ಬಿಡಿಸಿ ಉರಿಯುವ ಕೈಗಳಿಂದ ಅವಳು ಅಷ್ಟೆಲ್ಲ ಉಜ್ಜಿದ್ದಳು. ತಂದ ಐಸನ್ನು ಮೂಲೆಗಿಟ್ಟೆ. ಮಧ್ಯಾಹ್ನ ಅದೇ ಕರುಳಿನ ಬೋಟಿ ಸಾರು ಉಂಡೆ.

ಬರಿಗೈಯಲ್ಲಿ ಲ್ಯಾಬಿಗೆ ಹೋದಾಗ ಸರ್ ನಕ್ಕರು. "ಹೇಳಿದ್ನಿಲ್ಲೋ? ಇನ್ನೊಂದ ಸಲ ಅಷ್ಟ. ಆಮ್ಯಾಲೆ ನನ್ನ ಕೇಳಬ್ಯಾಡ."

ಮರುವಾರ ಮಾವನ ಅಂಗಡಿಯಿಂದಲೇ ನೇರ ಹಾವೇರಿ ಬಸ್ಸು ಹತ್ತಿದೆ. ಕರುಳಿನ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಅರ್ಧ ಅರಗಿದ ಹುಲ್ಲು, ಪಿತ್ತ, ರಕ್ತ, ಎಲ್ಲ ಕೂಡಿದ ನಾತ.

"ಏನ ಸತ್ತೈತಿ ಯಕ್ಕಾ ಅದರಾಗ?" ಎಂದ ಕಂಡಕ್ಟರ್.

"ನನ್ನ ಡಿಗ್ರಿ ಐತ್ರಿ."

"ಹಂಗಾರ ಡಿಗ್ರಿ ಹಿಡ್ಕೊಂಡ ಹಿಂದಿನ ಸೀಟಿಗೆ ನಡಿ."

ಲ್ಯಾಬಿನಲ್ಲಿ ಗಾಜಿನ ಪಟ್ಟಿಯಿಂದ ಲೋಳೆ ಕೆರೆದೆ. ಕೈಗವಸು ಹರಿದು ಉಗುರಿನ ಸಂದಿಗೆ ಹಸಿರು ಜಿಗುಟು ಇಳಿಯಿತು. ಬಾಯಿಗೆ ಬಂದದ್ದನ್ನು ನುಂಗಿದೆ. ಅರೆದು, ಪೊರೆಗಳನ್ನು ಬೇರೆ ಮಾಡಿ, ಬರೀ ನೀರಿನಲ್ಲಿ ತೊಳೆದೆ. ಆ ನೀರಿಗೆ ಮದ್ದು ಬೆರೆಸಿದರೂ ಬಣ್ಣ ಬರಲಿಲ್ಲ. ಆಮೇಲೆ ಕಿಣ್ವ ಹಾಕಿ ಕಾದೆ. ಈ ಸಲದ ಕೊಳವೆ ಹಳದಿಯಾಯಿತು, ಗಾಢ ಹಳದಿ. ಲಂಗರು ಕಳಚಿತ್ತು. ಸರ್ ದೂರದಿಂದಲೇ ನೋಡಿದರು, ನನ್ನ ಪುಸ್ತಕಕ್ಕೆ ಸಹಿ ಹಾಕಿ ಪೆನ್ನನ್ನು ಒರೆಸಿಕೊಂಡರು. ಥೂ.

ನಮ್ಮ ಮನೆತನದಲ್ಲಿ ಎಂ.ಎಸ್ಸಿ. ಡಿಗ್ರಿ ಪಡೆದವರಲ್ಲಿ ನಾನೇ ಮೊದಲು. ಸರ್ಟಿಫಿಕೇಟನ್ನು ಅವ್ವನ ಕೈಗೆ ಕೊಟ್ಟು, ಆ ದಿನ ಅವಳು ಗಟಾರಕ್ಕೆ ಚೆಲ್ಲಿದ್ದು ಏನೆಂದು ಮೊದಲ ಸಲ ಹೇಳಿದೆ. ಅವಳು ಕಾಗದವನ್ನು ಮಡಿಲಲ್ಲಿಟ್ಟುಕೊಂಡಳು.

"ಅವತ್ತ ನನ್ನ ಬೈಬೇಕಿತ್ತಿಲ್ಲೋ. ಸುಮ್ಮ ಕುಂತ ಉಂಡ್ಯಲ್ಲ, ಹುಚ್ಚಿ."