ಕೂಗದ ಕುಕ್ಕರ್

೨೦೦೯ರಲ್ಲಿ ನಾನು ಪೀಣ್ಯದ ಒಂದು ಕುಕ್ಕರ್ ಕಾರ್ಖಾನೆಯಲ್ಲಿ ಟೆಸ್ಟಿಂಗ್ ವಿಭಾಗದ ಮುಖ್ಯಸ್ಥನಾಗಿದ್ದೆ. ಆ ವರ್ಷ ನಮ್ಮ ಡಿಸೈನ್ ವಿಭಾಗದವರು ವಿಶಲ್ ಹೊಡೆಯದ ಕುಕ್ಕರ್ ಮಾಡಿದ್ದರು. ಪ್ರೆಷರ್ ತುಂಬಿದರೆ ಮುಚ್ಚಳದ ಮೇಲೆ ಸಣ್ಣ ಪಿನ್ನೊಂದು ಏಳುತ್ತದೆ. ಆಮೇಲೆ ಉರಿ ತಗ್ಗಿಸಿ, ಗಡಿಯಾರ ನೋಡಿ ಆರಿಸಬೇಕು. ಸದ್ದಿಲ್ಲ, ಗ್ಯಾಸೂ ಉಳಿಯುತ್ತದೆ. ಎಂ.ಡಿ.ಯವರಿಗಂತೂ ಅದರ ಮೇಲೆ ಪ್ರಾಣ.

ನನ್ನ ಕೈಕೆಳಗೆ ಪ್ರೊಬೇಷನ್‌ನಲ್ಲಿದ್ದ ಎಂಜಿನಿಯರ್ ವಸುಧಾ, ಜನ ನಿಜವಾಗಿ ಕೂಗು ಎಣಿಸುತ್ತಾರೆಯೇ ಎಂದು ಮೊದಲು ತಿಳಿಯಬೇಕು ಎಂದಳು. ನನಗೆ ನಗು ಬಂತು, ಆದರೂ ಬೇಡವೆನ್ನಲಿಲ್ಲ. ಅವಳು ಮಾಕಳಿಯಲ್ಲಿದ್ದ ನಮ್ಮ ಕೆಲಸಗಾರರ ಮನೆಗಳಿಗೆ ಹೋಗಿ ಅಡುಗೆಮನೆಯಲ್ಲಿ ರೆಕಾರ್ಡರ್ ಇಟ್ಟು ಕೂತಳು. ಆಫೀಸಿನಲ್ಲಿ 'ವಿಶಲ್ ಮೇಡಂ' ಎಂದು ಹೆಸರು ಬಿತ್ತು. ಕ್ಯಾಂಟೀನಿನಲ್ಲಿ ಸಿಳ್ಳೆ ಹಾಕಿದವನೊಬ್ಬನನ್ನು ನಾನೇ ಗದರಿಸಬೇಕಾಯಿತು.

ಅನ್ನಕ್ಕೆ ಎಷ್ಟು ಕೂಗು ಎಂದರೆ ಎಲ್ಲರೂ ಥಟ್ಟನೆ ಮೂರು ಎನ್ನುತ್ತಿದ್ದರಂತೆ. ರೆಕಾರ್ಡರಿನಲ್ಲಿ ಎರಡೂ ಇತ್ತು, ಆರೂ ಇತ್ತು. ಅನ್ನ ಮಾತ್ರ ಎಲ್ಲ ಕಡೆ ಚೆನ್ನಾಗಿಯೇ ಇತ್ತು. ಊಟ ಮಾಡಿಸದೆ ಅವಳನ್ನು ಯಾರೂ ಕಳಿಸಿರಲಿಲ್ಲ.

ವಿಷಯ ಎಂ.ಡಿ.ಯವರ ಕಿವಿಗೆ ಬಿತ್ತು. ಕೂಗು ಎಣಿಸುವವರಿಗೆ ಸಂಬಳ ಕೊಡಲಾಗದು, ಈ ಹುಡುಗಿಯನ್ನು ಖಾಯಂ ಮಾಡಬೇಡಿ ಎಂದರು. ಕಳಿಸುವ ಮುಂಚೆ ಅವಳ ಮಾತನ್ನೊಮ್ಮೆ ಕೇಳಿ ಎಂದು ಗೋಗರೆದು ಅರ್ಧ ಗಂಟೆ ಗಿಟ್ಟಿಸಿಕೊಂಡೆ.

ಮೀಟಿಂಗ್ ದಿನ ವಸುಧಾ ಪಕ್ಕದ ಪ್ಯಾಂಟ್ರಿಯ ಒಲೆಯ ಮೇಲೆ ಹೊಸ ಕುಕ್ಕರಿನಲ್ಲಿ ಬೇಳೆ ಇಟ್ಟು ಬಂದಳು. ಅಲ್ಲಿ ಯಾರೂ ಇಲ್ಲ, ನಾವೇ ಆರಿಸಬೇಕು ಎಂದು ಹೇಳಿ ಮಾತು ಶುರು ಮಾಡಿದಳು. ಎರಡನೇ ಸ್ಲೈಡಿಗೆ ಡಿಸೈನ್ ಮುಖ್ಯಸ್ಥರು ಪಿನ್ನು ನೋಡಲು ಎದ್ದರು. ಅವರು ಬಂದಮೇಲೆ ನಾನು ಹೋದೆ. ಎಂ.ಡಿ.ಯವರೂ ಎರಡು ಸಲ ಹೋಗಿ ಇಣುಕಿ ಬಂದರು. ಅವಳು ಹೇಳಿದ್ದು ಒಬ್ಬರ ತಲೆಗೂ ಹೋಗಲಿಲ್ಲ.

"ಏನಮ್ಮಾ ಇದು, ಗಮನವೆಲ್ಲ ಅಲ್ಲೇ ಇದೆ" ಎಂದು ಎಂ.ಡಿ. ರೇಗಿದರು.

"ಯಾರೂ ಸರಿಯಾಗಿ ಎಣಿಸಲ್ಲ ಸಾರ್," ಎಂದಳು ವಸುಧಾ. "ಆದ್ರೆ ಕೂಗುತ್ತಲ್ಲ ಅನ್ನೋ ಧೈರ್ಯದಲ್ಲಿ ಮಗೂಗೆ ಜಡೆ ಹಾಕ್ತಾರೆ, ಬಟ್ಟೆ ಒಣಗಾಕ್ತಾರೆ. ಇದನ್ನ ಇಟ್ರೆ ಒಲೆ ಮುಂದೇನೇ ನಿಂತಿರ್ಬೇಕು."

ಎಂ.ಡಿ. ಎದ್ದು ಹೋಗಿ ತಾವೇ ಒಲೆ ಆರಿಸಿದರು. ತಿರುಗಿ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಇಷ್ಟು ವರ್ಷ ಕುಕ್ಕರ್ ಮಾರಿದೀನಿ," ಎಂದರು. "ಒಲೆ ಮುಂದೆ ಕಾದಿದ್ದು ಇವತ್ತೇ ಕಣ್ರೀ."

ಆ ಕುಕ್ಕರ್ ವಿಶಲ್ ಸಮೇತವೇ ಮಾರುಕಟ್ಟೆಗೆ ಬಂತು. ವಸುಧಾ ಖಾಯಂ ಆದಳು. ನನಗೆ ಸಮಾಧಾನವಾಯಿತು. ನಗು ಬರಿಸುವ ಪ್ರಶ್ನೆಯನ್ನು ಆಮೇಲೆ ಯಾರು ತಂದರೂ ನಾನು ಮನಸಾರೆ ನಗುತ್ತಿದ್ದೆ, ನಕ್ಕು ಮುಗಿಸಿ ಅದನ್ನು ತಿಳಿಯಲು ಎಷ್ಟು ದಿನ ಬೇಕು ಎಂದು ಕೇಳುತ್ತಿದ್ದೆ.