ತಮ್ಮ ನಿಜ ಬರೆದ ಕಾಗದ

ಹುರಿದ ಶೇಂಗಾದ ಸಿಪ್ಪೆಯನ್ನು ಮೊರದಲ್ಲಿ ಕೇರುತ್ತಿದ್ದೆ. ಮೊಳಕಾಲ್ಮುರಿನಿಂದ ತಂಗಿಯ ಗಂಡನ ಫೋನ್ ಬಂತು. ಹೆಣ್ಣು ಮಗುವಾಗಿದೆ, ಆದರೆ ತಂಗಿಗೆ ರಕ್ತ ನಿಲ್ಲುತ್ತಿಲ್ಲ, ಚಳ್ಳಕೆರೆಗೆ ಕರೆತರುತ್ತಿದ್ದೇವೆ, ರಕ್ತ ಕೊಡುವವರನ್ನು ಹುಡುಕಿ ಎಂದರು.

ಇಲ್ಲೇ ಚಳ್ಳಕೆರೆಯಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ನನ್ನ ತಮ್ಮನದೂ ತಂಗಿಯದೂ ಒಂದೇ ಗುಂಪಿನ ರಕ್ತ. ಕರೆದ ತಕ್ಷಣ ಬಂದ, ಆದರೆ ಹೊಸಿಲಲ್ಲಿ ನಿಂತ.

"ಅಕ್ಕ, ಅಲ್ಲಿ ಒಂದು ಕಾಗದ ಕೊಟ್ಟು ಏನೇನೋ ಕೇಳ್ತಾರಂತೆ."

ಅವನ ಮನಸ್ಸು ಗಂಡಸರ ಕಡೆಗೇ ಎಂಬುದನ್ನು ಅವನು ನನಗೊಬ್ಬಳಿಗೇ ಹೇಳಿದ್ದ. ಅದಕ್ಕೂ ರಕ್ತಕ್ಕೂ ಏನು ಸಂಬಂಧವೆಂದು ನನಗೆ ಹೊಳೆಯಲಿಲ್ಲ.

"ಕೇಳ್ಲಿ ಬಿಡೋ. ದಾನ ಕೊಡೋ ಮುಂದೆ ಸುಳ್ಳಾಡಿದ್ರೆ ದೇವರು ಮೆಚ್ಚಲ್ಲ. ಇದ್ದದ್ದು ಇದ್ದಂಗೆ ಬರಿ" ಎಂದು ಹಣೆಗೆ ಭಂಡಾರ ಹಚ್ಚಿ ಕಳಿಸಿದೆ. ನಮ್ಮ ಮನೆಯಲ್ಲಿ ಏನು ದಾನ ಕೊಟ್ಟರೂ ಹೀಗೇ.

ಸಂಜೆ ಬಂದವನು ಅಡುಗೆಮನೆ ಗೋಡೆಗೆ ಒರಗಿ ಕೂತ.

"ನಿಜ ಬರ್ದೆ. ಗಂಡಸ್ರ ಜತೆ ಇರೋ ಗಂಡಸ್ರ ರಕ್ತ ತಗಳ್ಳಂಗಿಲ್ಲ, ರೂಲ್ಸ್ ಐತೆ ಅಂದ್ರು."

"ಪರೀಕ್ಷೆ ಮಾಡಿ ನೋಡಿದ್ರೇನೋ?"

"ಸೂಜಿನೇ ಚುಚ್ಚಲಿಲ್ಲಕ್ಕ. ಕಾಗದ ನೋಡೇ ಏಳು ಅಂದ್ರು. ಮೊಳಕಾಲ್ಮುರು ಭಾವ ಬಾಗಿಲಲ್ಲೇ ನಿಂತಿದ್ರು."

ತಂಗಿಗೆ ಆಂಬ್ಯುಲೆನ್ಸ್ ಡ್ರೈವರ್ ರಕ್ತ ಕೊಟ್ಟು ಪುಣ್ಯ ಕಟ್ಟಿಕೊಂಡ. ಅವಳು ಕಣ್ಣು ಬಿಟ್ಟಳು, ಮಗು ಹಾಲು ಕುಡಿಯಿತು. ದೇವರು ಅಷ್ಟರಮಟ್ಟಿಗೆ ಕೈ ಬಿಡಲಿಲ್ಲ.

ಶನಿವಾರ ತಂಗಿಯ ಗಂಡ ಗಂಜಿ ಒಯ್ಯಲು ಬಂದರು.

"ಅಕ್ಕ, ಅವನ ರಕ್ತ ಯಾಕೆ ಬ್ಯಾಡ ಅಂದ್ರು?"

"ರಕ್ತ ಕಮ್ಮಿ ಐತಂತೆ." ನನ್ನ ಬಾಯಿಂದಲೇ ಸುಳ್ಳು ಬಂತು.

"ಅವನಿಗಾ? ಮೋಟಾರ್‌ನ ಒಬ್ನೇ ಎತ್ತಿ ಟ್ರ್ಯಾಕ್ಟರಿಗೆ ಹಾಕೋ ಗೂಳಿಗೆ ರಕ್ತ ಕಮ್ಮಿನಾ!" ಎಂದು ನಕ್ಕರು. ನಾನೂ ನಕ್ಕೆ. ಅವರು ಮೊದಲು ನಿಲ್ಲಿಸಿದರು.

"ಏನೋ ರೋಗ ಐತೆ, ನೀವು ಮುಚ್ಚಿಡ್ತಿದೀರಿ. ಆಸ್ಪತ್ರೇಲಿ ನಮ್ಮೂರೋರು ಒಬ್ರು ಅವ್ರೆ. ಸೋಮವಾರ ಆ ಕಾಗದ ನೋಡಿ ಹೇಳ್ತೀನಿ ಅಂದವ್ರೆ. ಅಲ್ಲೀತಂಕ ಅವನು ಮಗೀನ ಮುಟ್ಟೋದು ಬ್ಯಾಡ. ತೊಟ್ಟಿಲಿಗೂ ಬ್ಯಾಡ."

ನಮ್ಮಲ್ಲಿ ಕೂಸನ್ನು ಮೊದಲು ತೊಟ್ಟಿಲಿಗೆ ಹಾಕುವವನು ಸೋದರಮಾವ. ಅವನು ಬರದಿದ್ದರೆ ಯಾಕೆಂದು ಊರೇ ಕೇಳುತ್ತದೆ, ಕಾಗದ ನೋಡಿದವರು ಉತ್ತರ ಹೇಳುತ್ತಾರೆ. ನಿಜ ಬರಿ ಎಂದವಳು ನಾನು.

ಅವರ ಬೈಕಿನ ಸದ್ದು ಅಡಗುವ ಮೊದಲೇ ತಮ್ಮನ ಫೋನ್ ಬಂತು.

"ಅಕ್ಕ, ಕೂಸಿಗೆ ಕಾಲ್ಗೆಜ್ಜೆ ತಗಂಡಿದೀನಿ. ಆಸ್ಪತ್ರೆಗೆ ಹೋಗ್ಲಾ?"

"ಇವತ್ತು ಬ್ಯಾಡ ಕಣೋ."

"ಆಯ್ತಕ್ಕ" ಎಂದು ಫೋನ್ ಇಟ್ಟ. ಸೋಮವಾರಕ್ಕೆ ಮೊದಲು ನಡುವೆ ಒಂದು ದಿನ ಕೊಟ್ಟಿದ್ದಾನಲ್ಲ ದೇವರು ಎಂದುಕೊಂಡು, ಬಾಣಂತಿಯ ಬಟ್ಟೆ ನೆನೆಹಾಕಲು ನೀರೊಲೆ ಹಚ್ಚಿದೆ.