ಎಳೆಯೋ ಹೂವೋ ಎಂದು ಕೇಳಿದ ಭಾಷೆ

ವಿಜಾಪುರ ರಸ್ತೆಯ ನಮ್ಮ ಕಚೇರಿಯಲ್ಲಿ ಚಾದರದ ಮಗ್ಗಗಳಿಗಾಗಿ ನಾನೊಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದೆ. ಅದರಲ್ಲಿ ನಾಲ್ಕು ಸಾಲು ಬರೆದರೆ ಮಗ್ಗ ಚಿತ್ತಾರ ನೇಯುತ್ತಿತ್ತು. ಅದನ್ನು ನನಗಿಂತ ಸಲೀಸಾಗಿ ಬಳಸುತ್ತಿದ್ದವರು ಅಕ್ಕಲಕೋಟದಿಂದ ದಿನವೂ ಬಸ್ಸಿಗೆ ಬರುವ ಡಿಸೈನರ್. ನಾವೆಲ್ಲ ಅವರನ್ನು ಅಕ್ಕಾ ಎನ್ನುತ್ತಿದ್ದೆವು. 'ಇಷ್ಟು ಎಳೆ ಬಿಡು' ಎಂಬ ಆಜ್ಞೆಗೆ ಸಂಖ್ಯೆ ಕೊಡಬೇಕಾದಲ್ಲಿ ಅಕ್ಕ ಇಡೀ ಹೂವನ್ನೇ ಕೊಟ್ಟುಬಿಡುತ್ತಿದ್ದರು. ಭಾಷೆ ತಕರಾರಿಲ್ಲದೆ ಆ ಹೂವಿನ ಅಗಲವನ್ನು ಲೆಕ್ಕಕ್ಕೆ ಹಿಡಿಯುತ್ತಿತ್ತು. ಹೂ ದೊಡ್ಡದಾದರೆ ಅಂಚೂ ತಾನಾಗಿ ಹಿಗ್ಗುತ್ತಿತ್ತು. ಕಟ್ಟಿದವಳು ನಾನು, ಆದರೂ ಹೊಟ್ಟೆಕಿಚ್ಚಾಗುತ್ತಿತ್ತು.

ಒಮ್ಮೆ ಬೇರೆ ಯಾರೋ ಹೂ ಇರಬೇಕಾದಲ್ಲಿ ಸಂಖ್ಯೆ ಕೊಟ್ಟು ಚಾದರಗಳ ಒಂದು ಇಡೀ ಆರ್ಡರು ಕೆಟ್ಟಿತು. ಮಾಲೀಕರು ಕೆಂಡವಾದರು. ಆಗ ನಾನು ಆಜ್ಞೆಗೆ ಕೊಡುವ ಪ್ರತಿಯೊಂದರ ಪಕ್ಕ ಅದು ಎಳೆಯೋ ಹೂವೋ, ಅಂದರೆ ಸಂಖ್ಯೆಯೋ ಚಿತ್ತಾರವೋ ಎಂದು ವಿಧ ಬರೆಯುವ ಸೌಲಭ್ಯ ಸೇರಿಸಿದೆ. ಬರೆದರೆ ನೇಯುವ ಮೊದಲೇ ತಪ್ಪು ಸಿಗುತ್ತದೆ, ಬರೆಯದಿದ್ದರೂ ನಡೆಯುತ್ತದೆ ಎಂದು ಎಲ್ಲರಿಗೂ ಹೇಳಿದೆ.

ನಡೆಯಲಿಲ್ಲ. ಚಾದರದ ಎರಡೂ ಬದಿಗೆ ಚಿತ್ತಾರ ನೇಯುವ ಹೊಸ ಆಜ್ಞೆ ಕಟ್ಟುವಾಗ, ವಿಧ ಗೊತ್ತಿದ್ದರೆ ಕೆಲಸ ಹಗುರ ಎನಿಸಿತು. ಎಲ್ಲರೂ ಬರೆದೇ ಇರುತ್ತಾರೆ ಎಂದುಕೊಂಡು ಕಟ್ಟಿದೆ; ಬರೆಯದಿದ್ದರೆ ಆ ಆಜ್ಞೆ ಓಡುತ್ತಿರಲಿಲ್ಲ. ಅದರ ಮುಂದಿನದನ್ನೂ ಹಾಗೆಯೇ. ಹೊಸತೆಲ್ಲ ವಿಧ ಬರೆದವರ ಪಾಲಾಯಿತು. ಅಕ್ಕನ ಚಿತ್ತಾರಗಳು ಹಳೆಯ ಆಜ್ಞೆಗಳಲ್ಲೇ ಉಳಿದವು. ಮಾಲೀಕರು ಅವರಿಗೆ ಕೆಲಸ ಕೊಡುವುದನ್ನು ಕಡಿಮೆ ಮಾಡಿದರು.

ಅಕ್ಕ ನನ್ನ ಮೇಜಿನ ಬಳಿ ಬಂದು ನಿಂತರು. "ಇದರ ಬಾಜೂಕ ಏನಂತ ಬರೀಲಿ? ಒಮ್ಮೆ ಎಳಿ ಕೊಡ್ತೀನಿ, ಒಮ್ಮೆ ಹೂ ಕೊಡ್ತೀನಿ."

ಸಂಕಟವಾಯಿತು. 'ಯಾವುದಾದರೂ' ಎಂಬ ವಿಧವನ್ನೂ ಸೇರಿಸಿದೆ. ಅಕ್ಕ ಎಲ್ಲ ಕಡೆ ಅದನ್ನೇ ಬರೆದರು. ಅವರನ್ನು ನೋಡಿ ಉಳಿದವರೂ ಬರೆಯತೊಡಗಿದರು. ತಪ್ಪು ಹಿಡಿಯುವುದೇ ನಿಂತುಹೋಯಿತು.

"ಅದನ್ನ ತಗದ ಬಿಡ್ರಿ. ಇನ್ನೊಂದ್ ಆರ್ಡರ್ ಕೆಟ್ರ ನಡ್ಯಂಗಿಲ್ಲ" ಎಂದರು ಮಾಲೀಕರು. ಅವರ ಮಾತೂ ಸುಳ್ಳಲ್ಲ. ತೆಗೆದೆ. ಅದನ್ನು ಬರೆದಿದ್ದ ಅಕ್ಕನ ಚಿತ್ತಾರಗಳನ್ನೆಲ್ಲ ಭಾಷೆ ತಪ್ಪೆಂದು ತಿರಸ್ಕರಿಸತೊಡಗಿತು.

ಈಗ ಅಕ್ಕ ಚೌಕುಳಿ ಕಾಗದದ ಮೇಲೆ ಚಿತ್ತಾರ ಬಿಡಿಸಿ ಕೊಡುತ್ತಾರೆ, ಬೇರೊಬ್ಬಳು ಟೈಪ್ ಮಾಡುತ್ತಾಳೆ. ತಾನಾಗಿ ಹಿಗ್ಗುವ ಅಂಚು ಯಾವುದರಲ್ಲೂ ಇಲ್ಲ. ನಿನ್ನೆ ಕೀಬೋರ್ಡನ್ನು ಅವರ ಮುಂದೆ ಸರಿಸಿ, "ನೀವ ಬರೀರಿ ಅಕ್ಕಾ, ನಾ ಬಾಜೂಕ ಕುಂಡ್ರತೀನಿ" ಎಂದೆ.

ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡರು. "ಬ್ಯಾಡವ್ವಾ. ಮೊದ್ಲ ಮನಸಿಗಿ ಬಂದಂಗ ಬರೀತಿದ್ದೆ. ಈಗ ಒಂದ್ ಅಕ್ಷರ ಹೊಡ್ಯಾಕೂ ಅಂಜಿಕಿ ಬರ್ತದ."